ಸೆಲೀನಾಳ ಎರಡನೆಯ ಮದುವೆ, ಎರಡನೆಯ ಸಲ

ಸೆಲೀನಾಳಿಗೆ ಅಚ್ಚಿನ ಅಕ್ಷರ ಓದಲು ಬರುತ್ತಿತ್ತು, ಕೈಬರಹ ಬರುತ್ತಿರಲಿಲ್ಲ. ಎಂಟು ತುಂಬಿದ್ದೇ ಅವಳನ್ನು ಬರ್ಸ್ಲಮ್ ಎಂಬ ಊರಿನ ಪಿಂಗಾಣಿ ಕಾರ್ಖಾನೆಗೆ ಸೇರಿಸಿದ್ದರು. ಬೆಳಗ್ಗೆ ಕತ್ತರಿ ಹಿಡಿದು ಅಚ್ಚಿನ ಕಾಗದ ಕತ್ತರಿಸುವುದು, ಮಧ್ಯಾಹ್ನ ಶಾಲೆಯ ಬೆಂಚಿನ ಮೇಲೆ ತೂಕಡಿಸುವುದು. ಬೈಬಲಿನ ದಪ್ಪಕ್ಷರದವರೆಗೆ ಓದು ತಲೆಗೆ ಹತ್ತಿತು, ಅದರಾಚೆಗೆ ಹತ್ತಲಿಲ್ಲ. ಹತ್ತಬೇಕೆಂದು ಕೇಳಿದವರೂ ಯಾರೂ ಇರಲಿಲ್ಲ.

ಹದಿನಾಲ್ಕಕ್ಕೆ ಅಚ್ಚು ಕೂರಿಸುವ ಕೆಲಸ ಕಲಿತಳು. ಅಚ್ಚುಗಾರ ತಾಮ್ರದ ಫಲಕದಿಂದ ತೆಳುಕಾಗದದ ಮೇಲೆ ಹೂಬಳ್ಳಿ ಇಳಿಸಿಕೊಡುತ್ತಾನೆ. ಬಣ್ಣ ಆರುವುದರೊಳಗೆ ಅದನ್ನು ತಟ್ಟೆಯ ಮೇಲೆ ಸುಕ್ಕು ಬೀಳದ ಹಾಗೆ ಕೂರಿಸಬೇಕು, ಮೆದು ಸೋಪು ಸವರಿ ಗಟ್ಟಿ ಕುಂಚದಲ್ಲಿ ಉಜ್ಜಬೇಕು, ಆಮೇಲೆ ತಣ್ಣೀರ ತೊಟ್ಟಿಯಲ್ಲಿ ಅದ್ದಿ ಕಾಗದ ತೊಳೆಯಬೇಕು. ಕಾಗದ ನೀರುಪಾಲಾಗುತ್ತದೆ, ಹೂಬಳ್ಳಿ ತಟ್ಟೆಯಲ್ಲಿ ನಿಲ್ಲುತ್ತದೆ. ಇಪ್ಪತ್ತು ತುಂಬುವ ಹೊತ್ತಿಗೆ ಅವಳ ಬಲತೋಳು ಎಡತೋಳಿಗಿಂತ ಗಾತ್ರವಾಗಿತ್ತು. ರವಿಕೆ ಹೊಲಿಯುವಾಗೆಲ್ಲ ಅವಳ ತಾಯಿ ಬಲಗಡೆಯ ತೋಳಿಗೆ ಒಂದು ಬೆರಳು ಬಟ್ಟೆ ಹೆಚ್ಚು ಬಿಡುತ್ತಿದ್ದಳು.

ಹತ್ತೊಂಬತ್ತಕ್ಕೆ ಏರನ್ ಟ್ಯಾಮ್ಸ್‌ನನ್ನು ಮದುವೆಯಾದಳು. ಅದೇ ಕಾರ್ಖಾನೆಯಲ್ಲಿ ಸಾಸರು ಮಾಡುವವನು. ನೋಡಲು ಚೆಲುವ, ಮಾತಿನಲ್ಲಿ ಮೋಡಿ, ಸಿಳ್ಳೆ ಹೊಡೆದನೆಂದರೆ ಬೀದಿಯ ಹೆಂಗಸರೆಲ್ಲ ಕಿಟಕಿಗೆ ಬರುತ್ತಿದ್ದರು. ಒಂದು ಹೆಣ್ಣುಮಗು ಹುಟ್ಟಿ ಹನ್ನೊಂದು ವಾರ ಬದುಕಿತು. ಅದಾದ ಮೇಲೆ ಏರನ್‌ಗೆ ಊರು ಬೇಡವಾಯಿತು. "ಅಮೆರಿಕದ ಓಹಾಯೋದಲ್ಲಿ ನಮ್ಮೂರಿನವರೇ ಕಾರ್ಖಾನೆ ಹಾಕಿದ್ದಾರೆ ಕಣೇ. ಅಲ್ಲಿ ಹೊಗೆ ಇಲ್ಲ, ಮೇಸ್ತ್ರಿ ಕಾಟ ಇಲ್ಲ. ಮೊದ್ಲು ನಾನು ಹೋಗ್ತೀನಿ, ಆಮೇಲೆ ನಿನ್ನ ಕರೆಸ್ಕೋತೀನಿ," ಎಂದ. 1881ರ ವಸಂತದಲ್ಲಿ ಹೊರಟೇ ಹೋದ. ಎರಡು ಕಾಗದ ಬಂದವು. ಮೂರನೆಯದು ಬರಲಿಲ್ಲ.

ಅವಳು ತಾಯಿಯ ಮನೆಗೆ ಮರಳಿದಳು. ವರ್ಷ ಒಂದಾಯಿತು, ಐದಾಯಿತು, ಒಂಬತ್ತಾಯಿತು. ತಾಯಿ ತೀರಿಕೊಂಡಳು. ಅಮೆರಿಕದಿಂದ ಮರಳಿದ ಒಬ್ಬ ಮುದುಕ, "ಟ್ಯಾಮ್ಸ್ ಅಂತ ಒಬ್ಬ ಜ್ವರ ಬಂದು ಸತ್ತುಹೋದ ಅಂತ ಕೇಳಿದ್ದೆ," ಎಂದ. ಇನ್ನೊಬ್ಬ, "ಅವನು ಬೇರೆ ಟ್ಯಾಮ್ಸ್ ಇರಬೇಕು," ಎಂದ. ಸೆಲೀನಾ ಮುದುಕನ ಮಾತನ್ನು ಇಟ್ಟುಕೊಂಡಳು, ಇನ್ನೊಬ್ಬನ ಮಾತನ್ನು ಬಿಟ್ಟುಬಿಟ್ಟಳು.

ಯಾಕೆಂದರೆ ಅಷ್ಟು ಹೊತ್ತಿಗೆ ಈಲೈ ಮೇಚಿನ್ ಬಂದಿದ್ದ. ಹಸಿ ಪಾತ್ರೆ ತುಂಬಿದ ಮಣ್ಣಿನ ಪೆಟ್ಟಿಗೆಗಳನ್ನು ತಲೆಯ ಮೇಲೆ ಹೊತ್ತು ಆವಿಗೆಯೊಳಗೆ ಪೇರಿಸುವವನು. ಗಿಡ್ಡ ಆಳು, ಗಟ್ಟಿ ಕತ್ತು, ಮಾತು ಕಡಿಮೆ. ಚಾಪೆಲ್‌ನಲ್ಲಿ ಪ್ರಾರ್ಥನೆಗೆ ಮುಂದಿನ ಸಾಲಿನಲ್ಲಿ ಕೂರುವವನು, ಸುಳ್ಳು ಹೇಳದವನು ಎಂದು ಹೆಸರು. ಒಂದು ದಿನ ಕಾರ್ಖಾನೆಯ ಬಾಗಿಲಲ್ಲಿ ಅವಳನ್ನು ನಿಲ್ಲಿಸಿ ಕೇಳಿದ.

"ಏರನ್ ಇದಾನೋ, ಇಲ್ವೋ?"

"ಸತ್ತ. ಜ್ವರ ಬಂದು."

"ಯಾರು ಹೇಳಿದ್ರು?"

"ಅಲ್ಲಿಂದ ಬಂದೋರು."

"ಸರಿ," ಎಂದ ಈಲೈ. "ಹಾಗಿದ್ರೆ ನಾನು ಕೇಳಬಹುದು."

1891ರಲ್ಲಿ ಮದುವೆಯಾಯಿತು. ಮದುವೆಯ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ 'ವಿಧವೆ' ಎಂದು ಬರೆದರು. ಮರುವರ್ಷ ಏಡಾ ಹುಟ್ಟಿದಳು. ಈಲೈ ಕುಡಿಯುತ್ತಿರಲಿಲ್ಲ, ಕೈ ಎತ್ತುತ್ತಿರಲಿಲ್ಲ, ಭಾನುವಾರ ಬೆಳಗ್ಗೆ ತಾನೇ ಎದ್ದು ಹೋಗಿ ಓಟ್‌ಮೀಲಿನ ದೋಸೆ ತಂದು ಹೆಂಡತಿಗೂ ಮಗಳಿಗೂ ಬೆಣ್ಣೆ ಹಚ್ಚಿ ಕೊಡುತ್ತಿದ್ದ. ಬೀದಿಯಲ್ಲಿ ಅಂಥ ಗಂಡ ಇನ್ನೊಬ್ಬನಿರಲಿಲ್ಲ. ಸೆಲೀನಾ ಹೆದರುತ್ತಿದ್ದುದು ಅದಕ್ಕೇ. ಬೀದಿಯ ತುದಿಯಲ್ಲಿ ಯಾರಾದರೂ ಸಿಳ್ಳೆ ಹೊಡೆದರೆ ಕೈಯಲ್ಲಿದ್ದ ಕೆಲಸ ನಿಲ್ಲುತ್ತಿತ್ತು. ಬಾಗಿಲು ತಟ್ಟಿದರೆ, "ಏಡಾ, ನೀನು ನೋಡೇ," ಎನ್ನುತ್ತಿದ್ದಳು. ಗಂಡ ಬದುಕಿರುವಾಗಲೇ ಇನ್ನೊಬ್ಬನನ್ನು ಮದುವೆಯಾಗಿ ಜೈಲಿಗೆ ಹೋದ ಹೆಂಗಸರ ಸುದ್ದಿ ಪೇಪರಿನಲ್ಲಿ ಅಚ್ಚಾಗುತ್ತಿತ್ತು, ಅಚ್ಚಿನ ಅಕ್ಷರ ಅವಳಿಗೆ ಓದಲು ಬರುತ್ತಿತ್ತು. ಹದಿನೇಳು ವರ್ಷ ಹೀಗೆ ಕಳೆಯಿತು.

1908ರ ಜೂನ್, ಮಂಗಳವಾರ. ಊಟದ ಬಿಡುವಿಗೆ ಮನೆಗೆ ಬಂದರೆ ಪಕ್ಕದ ಮನೆಯ ಮಿಸೆಸ್ ಕೀಲಿಂಗ್ ಹೊಸ್ತಿಲ ಮೇಲೆ ನಿಂತಿದ್ದಳು. ಬೀದಿಯಲ್ಲಿ ಯಾರ ಮನೆಗೆ ಯಾವ ಮಾಂಸ ಬಂತು ಎನ್ನುವುದೂ ಆಕೆಗೆ ಗೊತ್ತು.

"ಪೋಸ್ಟಿನವನು ಒಂದು ಕಾಗದ ಹಿಡ್ಕೊಂಡು ಬೀದಿ ಪೂರ್ತಿ ಅಲೀತಿದ್ದ ಕಣಮ್ಮ. ಮಿಸೆಸ್ ಸೆಲೀನಾ ಟ್ಯಾಮ್ಸ್ ಅಂತೆ. ಟ್ಯಾಮ್ಸ್! ಎಷ್ಟು ವರ್ಷ ಆಯ್ತು ಆ ಹೆಸರು ಕೇಳಿ. ನಾನೇ ಇಸ್ಕೊಂಡೆ. ಅಮೆರಿಕದ ಸ್ಟಾಂಪು ನೋಡು."

"ಏರನ್ ಕಡೆಯವರು ಯಾರೋ ಇರಬೇಕು," ಎಂದಳು ಸೆಲೀನಾ. ದನಿ ನೆಟ್ಟಗಿತ್ತು, ಅದಕ್ಕೆ ಅವಳಿಗೇ ಆಶ್ಚರ್ಯವಾಯಿತು.

"ಬೇಕಾದ್ರೆ ನಮ್ಮ ಹುಡುಗಿ ಹತ್ರ ಓದಿಸ್ಲಾ?"

"ಬೇಡ, ಈಲೈ ಓದ್ತಾನೆ."

ಈಲೈಗೆ ಕೊಡಲಿಲ್ಲ. ಕಾಗದವನ್ನು ಎದೆಕಟ್ಟಿನೊಳಗೆ ತುರುಕಿಕೊಂಡು ಕೆಲಸಕ್ಕೆ ಹೋದಳು. ಲಕೋಟೆ ಒಡೆದು ನೋಡಿದಳು, ನಿಜ. ಒಳಗೆ ಎರಡು ಹಾಳೆ ತುಂಬ ಕೋಳಿ ಕೆದಕಿದ ಹಾಗೆ ಓರೆ ಬರಹ. ಒಂದು ಕಡೆ ಏರನ್‌ನ ಹೆಸರಿನ ಮೊದಲಕ್ಷರ ದೊಡ್ಡದಾಗಿ ಕಂಡಿತು, ಅಷ್ಟೆ. ಬರುತ್ತಿದ್ದಾನೆ ಎಂದು ಅವಳ ಮನಸ್ಸು ತೀರ್ಮಾನ ಮಾಡಿಬಿಟ್ಟಿತು. ಹಡಗು ಹತ್ತಿದ್ದಾನೆ. ಇವತ್ತೋ ನಾಳೆಯೋ ಬಾಗಿಲು ತಟ್ಟುತ್ತಾನೆ.

ಯಾರ ಹತ್ತಿರ ಓದಿಸುವುದು? ಈಲೈ ಓದುತ್ತಿದ್ದ, ಏಡಾ ಓದುತ್ತಿದ್ದಳು, ಪಾದ್ರಿ ಓದುತ್ತಿದ್ದರು. ಓದಬಲ್ಲವರೆಲ್ಲ ಓದಬಾರದವರೇ. ಬುಧವಾರ, ಗುರುವಾರ, ಶುಕ್ರವಾರ ಕಾಗದ ಎದೆಯಲ್ಲೇ ಇತ್ತು. ಬೆವರಿಗೆ ಮೆತ್ತಗಾಗತೊಡಗಿತು. ಶನಿವಾರ ಅವಳು ಹನ್ನೆರಡು ತಟ್ಟೆಗೆ ಹೂಬಳ್ಳಿಯನ್ನು ತಲೆಕೆಳಗು ಕೂರಿಸಿದಳು. ಅಚ್ಚುಗಾರ ಜೋಬ್ ಒಂದನ್ನು ಎತ್ತಿ ಹಿಡಿದ.

"ಏನು ಮಹಾತಾಯಿ, ಇದ್ರಲ್ಲಿ ತಿನ್ನೋರು ತಲೆ ಮೇಲೆ ನಿಂತು ತಿನ್ಬೇಕಾ?"

ಮಗ್ಗುಲಿನ ಹುಡುಗಿಯರೆಲ್ಲ ಕಿಸಕ್ಕನೆ ನಕ್ಕರು. ಸೆಲೀನಾ ಅಳತೊಡಗಿದಳು. ಮೂವತ್ತು ವರ್ಷದಲ್ಲಿ ಅವಳು ಅತ್ತದ್ದನ್ನು ಯಾರೂ ನೋಡಿರಲಿಲ್ಲ. ಜೋಬ್ ತಟ್ಟೆ ಕೆಳಗಿಟ್ಟು, "ಅಯ್ಯೋ, ನಾನು ತಮಾಷೆಗಂದೆ ಕಣಮ್ಮ," ಎನ್ನುತ್ತ ತನ್ನ ಟೀಯನ್ನೇ ಅವಳ ಮುಂದೆ ತಂದಿಟ್ಟ. ಆ ಟೀ ಕುಡಿಯುವಾಗ ಅವಳಿಗೆ ಅನ್ನಿಸಿತು: ಇನ್ನೊಂದು ವಾರ ಹೀಗೇ ನಡೆದರೆ ಏರನ್ ಬರುವ ಮೊದಲೇ ನನಗೆ ಹುಚ್ಚು ಹಿಡಿಯುತ್ತದೆ.

ಭಾನುವಾರ ಮಧ್ಯಾಹ್ನ ಏಡಾ ಚಾಪೆಲ್‌ನ ಮಕ್ಕಳಿಗೆ ಪಾಠ ಹೇಳಲು ಹೋದಳು. ಈಲೈ ಒಲೆಯ ಪಕ್ಕ ಬೂಟು ಬಿಚ್ಚುತ್ತ ಕೂತಿದ್ದ. ಸೆಲೀನಾ ಕಾಗದ ತೆಗೆದು ಅವನ ಮೊಣಕಾಲ ಮೇಲಿಟ್ಟಳು.

"ಇದನ್ನ ಓದು. ಓದೋಕ್ ಮುಂಚೆ ಒಂದು ಮಾತು ಹೇಳ್ತೀನಿ. ಏರನ್ ಸತ್ತಿದ್ದು ನಂಗೆ ಖಂಡಿತ ಗೊತ್ತಿರ್ಲಿಲ್ಲ. ಒಬ್ಬ ಸತ್ತ ಅಂದ, ಒಬ್ಬ ಅವನಲ್ಲ ಅಂದ. ನಾನು ನಿಂಗೆ ಒಬ್ಬನ ಮಾತು ಮಾತ್ರ ಹೇಳ್ದೆ."

ಈಲೈ ಅವಳ ಮುಖ ನೋಡಿದ. ಕನ್ನಡಕ ಹಾಕಿಕೊಂಡು, ಬೈಬಲ್ ಓದುವ ಹಾಗೆ ನಿಧಾನವಾಗಿ, ಗಟ್ಟಿಯಾಗಿ ಓದಿದ.

"ನಾನು ಏರನ್ ಟ್ಯಾಮ್ಸ್ ಅವರ ಹೆಂಡತಿ ಕಾರೊಲೈನ್. ನಮ್ಮ ಯಜಮಾನರು ಮಾರ್ಚಿ ತಿಂಗಳಲ್ಲಿ ಎದೆಯ ಕಾಯಿಲೆಯಿಂದ ತೀರಿಕೊಂಡರು. ಅವರ ಪೆಟ್ಟಿಗೆಯ ತಳದಲ್ಲಿ ನಿಮ್ಮ ಹೆಸರು, ವಿಳಾಸ ಇದ್ದ ಹಳೆಯ ಚೀಟಿ ಸಿಕ್ಕಿತು. ನೀವು ಅವರಿಗೆ ಏನಾಗಬೇಕು? 1884ರಲ್ಲಿ ನನ್ನನ್ನು ಮದುವೆಯಾಗುವಾಗ, ಊರಿನಲ್ಲಿದ್ದ ಹೆಂಡತಿ ಸತ್ತುಹೋದಳು ಅಂತ ಹೇಳಿದ್ದರು. ನನಗೆ ನಾಲ್ಕು ಮಕ್ಕಳಿದ್ದಾರೆ. ಅವರು ಹೇಳಿದ್ದು ನಿಜವಾಗಿದ್ದರೆ ಒಂದು ಸಾಲು ಬರೆಯಿರಿ. ಸುಳ್ಳಾಗಿದ್ದರೂ ಬರೆಯಿರಿ. ಚೀಟಿ ಸಿಕ್ಕಿದ ಮೇಲೆ ನನಗೆ ನಿದ್ದೆಯಿಲ್ಲ."

ಸೆಲೀನಾ ಕುರ್ಚಿ ಎಳೆದುಕೊಂಡು ಕೂತಳು. ಆಮೇಲೆ ನಗು ಬಂತು. ತಡೆಯಲಾಗದ ನಗು, ಹೊಟ್ಟೆ ಹಿಡಿದುಕೊಳ್ಳುವ ನಗು.

"ನೋಡು ಅವನ್ನ! ನಾನು ಇಲ್ಲಿ ಅವನ್ನ ಸಾಯಿಸ್ದೆ, ಅವನು ಅಲ್ಲಿ ನನ್ನ ಸಾಯಿಸ್ದ! ಅದೂ ನನಗಿಂತ ಏಳು ವರ್ಷ ಮುಂಚೆ!"

ಈಲೈ ನಗಲಿಲ್ಲ. "ಮಾರ್ಚಿ ಅಂದ್ರೆ ಈ ಮಾರ್ಚಿ," ಎಂದ. "ನಾವು ಮದುವೆ ಆದಾಗ ಅವನು ಬದುಕಿದ್ದ."

"ಹೂಂ."

"ಹಾಗಾದ್ರೆ ನಾವು..."

"ಹೂಂ."

"ಹದಿನೇಳು ವರ್ಷ ನನ್ನ ಪಕ್ಕದಲ್ಲೇ ಇದ್ಯಲ್ಲೇ. ಒಂದು ದಿನಾನೂ ಬಾಯಿಗೆ ಬರ್ಲಿಲ್ವಾ?"

"ದಿನಾ ಬರ್ತಿತ್ತು. ದಿನಾ ನುಂಗ್ತಿದ್ದೆ. ಹೇಳಿದ್ರೆ ನೀನು ಚಾಪೆಲ್ ಮನುಷ್ಯ, ಹೊರಟೋಗ್ತೀಯ ಅಂತ."

ಅವನು ಬೂಟು ಮತ್ತೆ ಹಾಕಿಕೊಂಡು ಹಿತ್ತಲಿಗೆ ಹೋದ. ಸೆಲೀನಾ ಕಿಟಕಿಯಿಂದ ನೋಡಿದಳು. ಕೋಳಿಗೂಡಿನ ಮುಂದೆ ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತಿದ್ದ, ಬೆನ್ನು ಈ ಕಡೆಗೆ. ಕೋಳಿಗಳು ಕಾಳಿಗಾಗಿ ಕಾಲು ಸುತ್ತಿದವು, ಅವನು ಹಾಕಲಿಲ್ಲ. ಅರ್ಧ ಗಂಟೆಯಾಯಿತು, ಮುಕ್ಕಾಲು ಗಂಟೆಯಾಯಿತು. ಅವಳು ಕೆಟಲ್ ಇಟ್ಟಳು, ನೀರು ಕುದಿಯಿತು, ಇಳಿಸಿದಳು, ಮತ್ತೆ ಇಟ್ಟಳು. ಏಡಾ ಬರುವ ಹೊತ್ತಾಗುತ್ತಿತ್ತು.

ಕೊನೆಗೆ ಅವನು ಒಳಗೆ ಬಂದ. ಕೈಯಲ್ಲಿ ಎರಡು ಮೊಟ್ಟೆ.

"ಟೀ ಆಯ್ತಾ?"

"ಆಗಿದೆ."

"ಕೂತ್ಕೊಂಡು ಲೆಕ್ಕ ಹಾಕ್ದೆ," ಎಂದ, ಮೊಟ್ಟೆಗಳನ್ನು ಮೇಜಿನ ಮೇಲೆ ಜೋಪಾನವಾಗಿ ಇಟ್ಟು. "ಅವತ್ತು ಕಾರ್ಖಾನೆ ಬಾಗಿಲಲ್ಲಿ ನೀನು 'ಗೊತ್ತಿಲ್ಲ' ಅಂದಿದ್ರೆ ನಾನು ಸರಿ ಅಂತ ಹೊರಟೋಗ್ತಿದ್ದೆ. ಏಡಾ ಇರ್ತಿರ್ಲಿಲ್ಲ. ನಾನು ಒಬ್ಬನೇ ಯಾರದೋ ಮನೆ ಕೋಣೇಲಿ ಬ್ರೆಡ್ ತಿಂತಿರ್ತಿದ್ದೆ. ಅದನ್ನ ಯೋಚಿಸ್ದೆ." ತನ್ನ ಬಟ್ಟಲನ್ನು ಅವಳ ಮುಂದೆ ಸರಿಸಿ, "ಇನ್ಮೇಲೆ ನುಂಗ್ಬೇಡ," ಎಂದ.

ಸೆಲೀನಾ ಟೀ ಬಗ್ಗಿಸಿದಳು. ಅರ್ಧ ಸಾಸರಿಗೆ ಬಿತ್ತು. ಇಬ್ಬರೂ ನೋಡಿಯೂ ನೋಡದವರಂತೆ ಇದ್ದರು.

ಕಾನೂನು ಏನು ಹೇಳುತ್ತದೋ ತಿಳಿಯಬೇಕಿತ್ತು. ಚಾಪೆಲ್‌ಗೆ ಬರುವ ವಾರ್ಡ್ಲ್ ಎಂಬಾತ ವಕೀಲರೊಬ್ಬರ ಬಳಿ ಗುಮಾಸ್ತ. ಮರುವಾರ ಪ್ರಾರ್ಥನೆ ಮುಗಿದ ಮೇಲೆ ಈಲೈ ಆತನನ್ನು ಕಂಬದ ಮರೆಗೆ ಕರೆದೊಯ್ದು, ತನ್ನ ಸ್ನೇಹಿತನೊಬ್ಬನ ಕಷ್ಟ ಎಂದು ಶುರುಮಾಡಿದ. ಸುಳ್ಳು ಅಭ್ಯಾಸವಿಲ್ಲದವನು. ಕಿವಿ ಕೆಂಪಾಗಿ, ಕಾಲರು ಒದ್ದೆಯಾಯಿತು. ವಾರ್ಡ್ಲ್ ಗಂಭೀರವಾಗಿ ಕೇಳಿಕೊಂಡ.

"ಏಳು ವರ್ಷಕ್ಕಿಂತ ಹೆಚ್ಚು ಆ ಗಂಡನ ಸುದ್ದಿನೇ ಇರ್ಲಿಲ್ಲ ಅಂತೀರಾ?"

"ಹತ್ತು ವರ್ಷ."

"ಬದುಕಿದಾನೆ ಅಂತ ಆಯಮ್ಮನಿಗೆ ಗೊತ್ತಿರ್ಲಿಲ್ಲ?"

"ಗೊತ್ತಿರ್ಲಿಲ್ಲ."

"ಹಾಗಾದ್ರೆ ಜೈಲು ಗೀಲು ಏನೂ ಇಲ್ಲ, ಮಿಸ್ಟರ್ ಮೇಚಿನ್. ಆ ಮದುವೆ ಮಾತ್ರ ಊರ್ಜಿತ ಅಲ್ಲ. ಈಗ ಮೊದಲನೆಯವನು ಸತ್ತಿದಾನಲ್ಲ, ಇನ್ನೊಂದ್ ಸಲ ಆಗ್ಬಿಟ್ರೆ ಮುಗೀತು. ಬೇರೆ ಊರಲ್ಲಿ ಹದಿನೈದು ದಿನ ಒಬ್ರು ಇದ್ರೆ, ಅಲ್ಲೇ ಲೈಸೆನ್ಸ್ ತಗೊಂಡು ಸದ್ದಿಲ್ದೆ ಮಾಡ್ಕೋಬಹುದು." ಆಮೇಲೆ ಕರವಸ್ತ್ರ ತೆಗೆದು ಈಲೈ ಕೈಗೆ ಕೊಟ್ಟ. "ಬೆವರು ಒರೆಸ್ಕೊಳ್ಳೋಕೆ ಹೇಳಿ, ನಿಮ್ಮ ಸ್ನೇಹಿತನಿಗೆ."

ಸುದ್ದಿ ತಂದಾಗ ಸೆಲೀನಾ ಮೆಟ್ಟಿಲು ತಿಕ್ಕುತ್ತಿದ್ದಳು. "ಜೈಲಿಲ್ಲ," ಎಂದ ಈಲೈ. ಅವಳು ಬ್ರಷ್ಷು ಕೆಳಗಿಟ್ಟು, ಒದ್ದೆ ಮೆಟ್ಟಿಲ ಮೇಲೇ ಕೂತುಬಿಟ್ಟಳು. ಬಹಳ ಹೊತ್ತು ಉಸಿರು ಬಿಟ್ಟಳು. ಇಷ್ಟು ವರ್ಷ ಉಸಿರನ್ನು ಮೇಲುಮೇಲಕ್ಕೆ ಎಳೆದುಕೊಂಡೇ ಬದುಕಿದ್ದೆ ಎಂದು ಅವಳಿಗೆ ಆಗ ಗೊತ್ತಾಯಿತು.

ಕಾರೊಲೈನ್‌ಗೆ ಉತ್ತರ ಬರೆಯುವುದು ಉಳಿದಿತ್ತು. ಈಲೈ ಮೇಜಿನ ಮೇಲೆ ಹಾಳೆ ಹರಡಿ, ಪೆನ್ನು ಅದ್ದಿಕೊಂಡು, "ಹೇಳು," ಎಂದ.

"ಬರಿ. ಸೆಲೀನಾ ಟ್ಯಾಮ್ಸ್ ಸತ್ತೋದ್ಲು. 1882ರಲ್ಲಿ. ಕೆಮ್ಮು ಬಂದು."

ಪೆನ್ನು ಅಲ್ಲಾಡಲಿಲ್ಲ.

"ಅದು ಸುಳ್ಳು," ಎಂದ ಈಲೈ.

"ಸುಳ್ಳೇ. ನಿಜ ಬರೆದ್ರೆ ಆಯಮ್ಮನಿಗೆ ಏನಾಗತ್ತೆ? ನಮಗೆ ಇನ್ನೊಂದ್ ಸಲ ಮದುವೆ ಆಗೋಕೆ ಆಗತ್ತೆ. ಅವಳು ಯಾರನ್ನ ಆಗ್ಬೇಕು, ಹೆಣಾನಾ? ನಾಲ್ಕು ಮಕ್ಕಳು ಈಲೈ. ಇಪ್ಪತ್ತನಾಲ್ಕು ವರ್ಷ ಅವನ ಬಟ್ಟೆ ಒಗೆದಿದಾಳೆ, ಕೊನೇಲಿ ಅವನ ಕೆಮ್ಮು ಕೇಳಿದಾಳೆ. ನಾನು ಎರಡು ವರ್ಷ ಸಿಳ್ಳೆ ಕೇಳ್ದೆ, ಅಷ್ಟೆ. ಹೆಂಡತಿ ಯಾರು?"

"ಅವಳೇ ಅನ್ನು. ಆದ್ರೂ ನನ್ನ ಕೈಯಲ್ಲಿ ಬರೆಯೋಕಾಗಲ್ಲ ಕಣೇ. ಏಳಲ್ಲ ಕೈ."

"ಹಾಗಾದ್ರೆ ಪೆನ್ನು ಇಲ್ಲಿ ಕೊಡು."

"ನಿಂಗೆ ಬರೆಯೋಕೆ ಬರಲ್ಲ."

"ಅಚ್ಚಿನ ಅಕ್ಷರ ಬರತ್ತೆ. ಮೂವತ್ತು ವರ್ಷ ತಟ್ಟೆ ಬೆನ್ನ ಮೇಲೆ ಕಾರ್ಖಾನೆ ಹೆಸರು ಕೂರಿಸಿದೀನಿ."

ಒಂದೊಂದೇ ಅಕ್ಷರ, ತಟ್ಟೆಯ ಬೆನ್ನಿನ ಮುದ್ರೆಯಂತೆ ದಪ್ಪಗೆ, ನೆಟ್ಟಗೆ. ನಾಲ್ಕು ಸಾಲು ಬರೆಯಲು ಮಧ್ಯಾಹ್ನವೆಲ್ಲ ಹಿಡಿಯಿತು. ಸೆಲೀನಾ ಟ್ಯಾಮ್ಸ್ 1882ರಲ್ಲಿ ತೀರಿಕೊಂಡಳು. ನೀವೇ ಅವನ ಹೆಂಡತಿ. ನಿಶ್ಚಿಂತೆಯಿಂದ ನಿದ್ದೆ ಮಾಡಿ. ಮಕ್ಕಳು ಚೆನ್ನಾಗಿರಲಿ. ಕೆಳಗೆ, 'ಅವಳನ್ನು ಬಲ್ಲ ನೆರೆಯವಳು' ಎಂದು ಹಾಕಿದಳು. ಈಲೈ ಅಷ್ಟು ಹೊತ್ತೂ ಕಿಟಕಿಯ ಕಡೆ ಮುಖಮಾಡಿ ನಿಂತಿದ್ದ. ಮುಗಿದ ಮೇಲೆ ಬಂದು, ಅವಳ ಭುಜದ ಮೇಲಿಂದ ಬಗ್ಗಿ ನೋಡಿದ.

"ನಿದ್ದೆಗೆ ಒಂದಕ್ಷರ ಬಿಟ್ಟಿದೀಯ," ಎಂದು ಬೆರಳಿಟ್ಟು ತೋರಿಸಿದ.

ಈಲೈನ ಅಕ್ಕ ಮಾರ್ಥಾ, ಲೀಕ್ ಎಂಬ ಊರಿನ ರೇಷ್ಮೆ ಗಿರಣಿಯಲ್ಲಿ ನೂಲು ಹುರಿಮಾಡುವವಳು. ಅವಳಿಗೆ ವಿಷಯ ತಿಳಿಸಿದರು. ಏಡಾಗೂ ಕಾರ್ಖಾನೆಗೂ, "ಮಾರ್ಥಾ ಅತ್ತೆಗೆ ಕಾಲು ಉಳುಕಿದೆ, ಆರೈಕೆ ಮಾಡಬೇಕು," ಎಂದು ಹೇಳಿ ಸೆಲೀನಾ ಆಗಸ್ಟಿನಲ್ಲಿ ಲೀಕ್‌ಗೆ ಹೋದಳು. ಹೋದ ದಿನ ಮಾರ್ಥಾಳ ಕಾಲು ಮನೆಯ ಮೆಟ್ಟಿಲನ್ನು ಎರಡೆರಡಾಗಿ ಹತ್ತುತ್ತಿತ್ತು.

"ನೀನು ಕೂತ್ಕೋ. ಮದುಮಗಳು ಕೆಲಸ ಮಾಡ್ಬಾರ್ದು," ಎಂದು ಮಾರ್ಥಾ ಅವಳ ಕೈಯಿಂದ ಪಾತ್ರೆ ಕಿತ್ತುಕೊಂಡಳು.

"ಅಯ್ಯೋ ಸುಮ್ನಿರಕ್ಕ, ನಲವತ್ತೆಂಟಕ್ಕೆ ಎಂಥ ಮದುಮಗಳು."

"ಅದಕ್ಕೇ ಕೂತ್ಕೋ ಅಂದಿದ್ದು."

ಎಂಟನೆಯ ವಯಸ್ಸಿನಿಂದ ಈಚೆಗೆ, ಹೆರಿಗೆಯ ದಿನಗಳನ್ನು ಬಿಟ್ಟರೆ, ಸೆಲೀನಾ ಇಷ್ಟು ದಿನ ಸುಮ್ಮನೆ ಕೂತಿರಲಿಲ್ಲ. ಮೊದಲ ಮೂರು ದಿನ ಕೈ ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯದೆ ಮಾರ್ಥಾಳ ಮೇಜನ್ನು ಉಜ್ಜಿ ಉಜ್ಜಿ ಬಣ್ಣ ತೆಗೆದಳು. ನಾಲ್ಕನೆಯ ದಿನ ಹಿತ್ತಲಿನ ಬೆಂಚಿನ ಮೇಲೆ ಬಿಸಿಲಿಗೆ ಕಾಲು ಚಾಚಿದವಳು ಊಟಕ್ಕೂ ಏಳಲಿಲ್ಲ. ಎರಡನೆಯ ವಾರದ ಹೊತ್ತಿಗೆ ಬೆರಳ ಸಂದಿಯ ಸೋಪಿನ ಬಿರುಕುಗಳು ಮುಚ್ಚಿಕೊಂಡವು. ಬೀದಿಯಲ್ಲಿ ಯಾರೋ ಸಿಳ್ಳೆ ಹೊಡೆಯುತ್ತ ಹೋದರು. ಸೆಲೀನಾ ತಲೆ ಎತ್ತಿ, ರಾಗ ಯಾವುದೆಂದು ಕೇಳಿಸಿಕೊಂಡಳು. ಚೆನ್ನಾಗಿಯೇ ಇತ್ತು.

ಮದುವೆಯ ಬೆಳಗ್ಗೆ ಉಂಗುರದ ತಕರಾರು ಬಂತು. ಬೆರಳಿನ ಗೆಣ್ಣು ಊದಿ, ಮತ್ತೆ ತೊಡಿಸಲು ತೆಗೆಯಬೇಕಿದ್ದ ಹದಿನೇಳು ವರ್ಷದ ಉಂಗುರ ಜಪ್ಪಯ್ಯ ಎಂದರೂ ಬರಲಿಲ್ಲ. ಮಾರ್ಥಾ ಸೋಪು ಹಚ್ಚಿ ಎಳೆದಳು, ಬೆಣ್ಣೆ ಹಚ್ಚಿ ಎಳೆದಳು. ಮೊದಲ ರೈಲಿಗೇ ಬಂದಿಳಿದ ಈಲೈ ಒಳ್ಳೆಯ ಕೋಟು ತೊಟ್ಟು ಬಾಗಿಲಲ್ಲಿ ನಿಂತಿದ್ದ.

"ಬೆರಳು ಕತ್ತರಿಸ್ಬೇಡಿ, ಅದು ಕೆಲಸಕ್ಕೆ ಬೇಕು," ಎಂದ.

ಅವನ ಬಾಯಲ್ಲಿ ತಮಾಷೆ ಕೇಳಿ ಹೆಂಗಸರಿಬ್ಬರೂ ಬೆರಗಾಗಿ ತಿರುಗಿದರು. ಆ ಎಳೆತಕ್ಕೇ ಉಂಗುರ ಜಾರಿ, ನೆಲದ ಮೇಲೆ ಉರುಳಿ, ಬೀರುವಿನ ಅಡಿಗೆ ಹೋಯಿತು. ಒಳ್ಳೆಯ ಕೋಟಿನಲ್ಲೇ ಈಲೈ ಬೋರಲು ಮಲಗಿ ತೆಗೆದ.

ನೋಂದಣಿ ಕಚೇರಿಯಲ್ಲಿ ತೆಳ್ಳಗಿನ ಅಧಿಕಾರಿಯೊಬ್ಬ ಪುಸ್ತಕ ತೆರೆದ. ಸಾಕ್ಷಿಗೆ ಮಾರ್ಥಾಳೂ ಅವಳ ಗಿರಣಿಯ ಗೆಳತಿಯೂ ಇದ್ದರು.

"ವಧುವಿನ ಸ್ಥಿತಿ?"

"ವಿಧವೆ," ಎಂದಳು ಸೆಲೀನಾ. ಅಧಿಕಾರಿ ಬೆಚ್ಚಿ ನೋಡುವಷ್ಟು ಗಟ್ಟಿಯಾಗಿ ಹೇಳಿದ್ದಳು.

"ಇಬ್ಬರಿಗೂ ಚೆನ್ನಾಗಿ ಪರಿಚಯ ಉಂಟು ತಾನೇ?" ಎಂದು ಆತ ಸುಮ್ಮನೆ ಮಾತಿಗೆ ಕೇಳಿದ.

ಈಲೈ ಯೋಚಿಸಿದ. ಸುಳ್ಳು ಹೇಳುವ ಹಾಗಿಲ್ಲ, ನಿಜವೂ ಪೂರ್ತಿ ಹೇಳುವ ಹಾಗಿಲ್ಲ. "ಈಚೆಗೆ ಇನ್ನೂ ಚೆನ್ನಾಗಿ ಆಯ್ತು ಸಾರ್," ಎಂದ.

ಮಾರ್ಥಾಳ ಗೆಳತಿ ಕೆಮ್ಮಿನ ನೆಪದಲ್ಲಿ ಬಾಯಿಗೆ ಬಟ್ಟೆ ಹಿಡಿದುಕೊಂಡಳು. ಹತ್ತು ನಿಮಿಷದಲ್ಲಿ ಎಲ್ಲ ಮುಗಿಯಿತು. ಮಾರ್ಥಾಳ ಮನೆಯಲ್ಲಿ ಹಂದಿಮಾಂಸದ ಕಡುಬು, ಉಪ್ಪಿನಕಾಯಿ ಹಾಕಿದ ಈರುಳ್ಳಿ, ಹಣ್ಣಿನ ಕೇಕು. ಸೆಲೀನಾ ಎರಡು ಸಲ ಹಾಕಿಸಿಕೊಂಡು ತಿಂದಳು. ಗಂಟಲು ಅಗಲವಾದ ಹಾಗಿದೆ ಎಂದಳು. ಮಾರ್ಥಾ ಮೂರನೆಯ ಸಲ ಬಡಿಸಿದಳು.

ಸಂಜೆಯ ರೈಲು ಹತ್ತಿದರು. ಹೊಲಗಳ ಮೇಲೆ ಇನ್ನೂ ಬೆಳಕಿತ್ತು. ನಾಳೆ ಜೋಬ್ ಎರಡು ವಾರದ ರಜೆಗೆ ಏನೇನು ಆಡಿಕೊಳ್ಳುತ್ತಾನೋ, ಏಡಾ ಮನೆಯನ್ನು ಯಾವ ಸ್ಥಿತಿಯಲ್ಲಿ ಇಟ್ಟಿದ್ದಾಳೋ ಎಂದು ಸೆಲೀನಾ ಹೇಳುತ್ತಿದ್ದಳು. ಹೇಳುತ್ತಲೇ ಮಾತು ನಿಧಾನವಾಯಿತು, ತಲೆ ಈಲೈನ ತೋಳಿಗೆ ವಾಲಿತು. ಅವಳನ್ನು ಎಬ್ಬಿಸಬೇಕಾದವನು ಅವನು. ಬೆಳಗ್ಗೆ ನಾಲ್ಕಕ್ಕೆ ಎದ್ದವನು, ಅವನಿಗೂ ಕಣ್ಣು ಹತ್ತಿತು. ಬರ್ಸ್ಲಮ್ ಬಂತು, ಹೋಯಿತು. ಮುಂದಿನ ನಿಲ್ದಾಣ ಟನ್‌ಸ್ಟಲ್‌ನಲ್ಲಿ ಗಾರ್ಡು ಬಂದು ಭುಜ ಅಲುಗಾಡಿಸಿದ.

"ಏಳಿ ಯಜಮಾನ್ರೇ, ನಿಮ್ಮೂರು ಹಿಂದೆ ಹೋಯ್ತು. ನಿಮ್ಮ ಹೆಂಡ್ತಿ ಗೊರಕೆ ಕೊನೇ ಡಬ್ಬಿಗೆ ಕೇಳ್ತಿತ್ತು."

"ಹೂಂ, ನನ್ನ ಹೆಂಡ್ತಿ," ಎಂದ ಈಲೈ, ಟೋಪಿ ಹುಡುಕುತ್ತ.

ಇಬ್ಬರೂ ಇಳಿದು, ಒಂದೂವರೆ ಮೈಲಿ ಬಂದ ದಾರಿಯಲ್ಲೇ ಮರಳಿ ನಡೆದರು. ಸೆಲೀನಾ ಗೊರಕೆ ಹೊಡೆಯುವುದಿಲ್ಲವೆಂದು ದಾರಿಯುದ್ದಕ್ಕೂ ವಾದಿಸಿದಳು.